ಮಾರುವವನು ಡಾಕ್ಟರ ಹೆಸರನ್ನೂ ಬರೆದುಕೊಡಲಿ

ನಮ್ಮ ಮನೆಯಲ್ಲಿ ಗ್ಲುಕೋಮೀಟರ್ ಒಂದೇ, ರೋಗಿಗಳು ಇಬ್ಬರು. ಒಬ್ಬರು ನಮ್ಮಪ್ಪ. 78 ವರ್ಷ, ಅದರಲ್ಲಿ 30 ವರ್ಷ ಸಕ್ಕರೆ ಕಾಯಿಲೆಯ ಜೊತೆ ಸಂಸಾರ. ಇನ್ನೊಬ್ಬ ಬಿಸ್ಕಿಟ್. 5 ವರ್ಷ, ತೂಕ 900 ಗ್ರಾಂ, ಜಾತಿಯಲ್ಲಿ ಫೆರೆಟ್. ಉಸ್ಮಾನಿಯಾ ಬಿಸ್ಕತ್ತಿನ ಬಣ್ಣ ಎಂದು ಮಗಳು ಇಟ್ಟ ಹೆಸರು. ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಡಗಡೆ ಅಪ್ಪನ ಲೆಕ್ಕ, ಬಲಗಡೆ ಬಿಸ್ಕಿಟ್‌ನದು. ಎಡಗಡೆ 240 ಬಂದರೆ ನಮಗೆ ಚಿಂತೆ. ಬಲಗಡೆ 50 ಬಂದರೆ ಚಿಂತೆಗೂ ಸಮಯ ಇರುವುದಿಲ್ಲ, ಜೇನುತುಪ್ಪದ ಬಾಟಲಿ ಹುಡುಕಬೇಕು.

ಇದನ್ನು ನೋಡಿದವರು ಎರಡು ಮಾತಿನಲ್ಲಿ ಒಂದನ್ನು ಆಡುತ್ತಾರೆ. "ನಿಮ್ಮಂಥವರು ಇರೋದ್ರಿಂದಲೇ ಮಳೆ ಬೆಳೆ ಆಗ್ತಿರೋದು" ಎನ್ನುತ್ತಾರೆ ಕೆಲವರು. "ಒಂದು ಇಲಿಗೆ ಇಷ್ಟು ಖರ್ಚಾ?" ಎನ್ನುತ್ತಾರೆ ಉಳಿದವರು. ಹದಿನಾಲ್ಕು ತಿಂಗಳಿಂದ ಎರಡನ್ನೂ ಕೇಳಿ ಕೇಳಿ ಸಾಕಾಗಿದೆ. ಎರಡನೆಯವರಿಗೆ ಆಮೇಲೆ ಉತ್ತರ ಕೊಡುತ್ತೇನೆ. ನನಗೆ ಹೆಚ್ಚು ಸಿಟ್ಟು ಬರುವುದು ಮೊದಲನೆಯವರ ಮೇಲೆ. ನಾನು ಮಾಡುತ್ತಿರುವುದು ಪುಣ್ಯದ ಕೆಲಸವಲ್ಲ, ಸಾಲ ತೀರಿಸುತ್ತಿದ್ದೇನೆ. 22,000 ರೂಪಾಯಿ ಕೊಟ್ಟು ಒಂದು ಜೀವವನ್ನು, ಅದಕ್ಕೆ ಒಗ್ಗದ ಊರಿಗೆ, ಅದರ ರೋಗ ತಿಳಿದವರು ಇಲ್ಲದ ಊರಿಗೆ ತರಿಸಿಕೊಂಡವನು ನಾನು. ನನ್ನನ್ನು ಹೊಗಳುವವರು ಆ ವ್ಯಾಪಾರವನ್ನೂ ಅರಿವಿಲ್ಲದೆ ಹೊಗಳುತ್ತಿದ್ದಾರೆ. ಯಾಕೆಂದರೆ ಆ ವ್ಯಾಪಾರ ನಿಂತಿರುವುದೇ ನನ್ನಂಥವರು ನಿದ್ದೆಗೆಟ್ಟು ಮಾಡುವ ಬಿಟ್ಟಿ ಚಾಕರಿಯ ಮೇಲೆ.

ಫೆರೆಟ್ ಎಂದರೇನು ಎಂದು ಕೇಳುವವರಿಗೆ: ಇಲಿಯಲ್ಲ. ಮುಂಗುಸಿಯೂ ಅಲ್ಲ, ನಮ್ಮ ಚಿಕನ್ ಅಂಗಡಿಯವನು ಐದು ವರ್ಷದಿಂದ "ಮೀ ಮುಂಗಿಸ ಎಲಾ ಉಂದಿ ಸಾರ್" ಎಂದು ವಿಚಾರಿಸುತ್ತಿದ್ದರೂ. ನೀರುನಾಯಿಯ ಕುಟುಂಬಕ್ಕೆ ಸೇರಿದ್ದು. ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಎರಡು ಸಾವಿರ ವರ್ಷಕ್ಕೂ ಹಿಂದೆ ಪಳಗಿಸಿ, ಮೊಲದ ಬಿಲದೊಳಗೆ ನುಗ್ಗಿಸಲು ಸಾಕಿಕೊಂಡರು. ಉದ್ದ ಮೈ, ಗಿಡ್ಡ ಕಾಲು. ದಿನದ ಮುಕ್ಕಾಲು ಪಾಲು ನಿದ್ದೆ, ಉಳಿದ ಹೊತ್ತು ಹುಚ್ಚು ಕುಣಿತ. ಸಾಕ್ಸ್, ಟಿವಿ ರಿಮೋಟ್, ಅಪ್ಪನ ಮಾತ್ರೆ ಡಬ್ಬಿ ಎಲ್ಲವನ್ನೂ ಕದ್ದು ಸೋಫಾ ಕೆಳಗೆ ಬಚ್ಚಿಡುತ್ತದೆ. ಪ್ರೀತಿ ಬರಿಸುವ ಪ್ರಾಣಿ, ಅದರಲ್ಲಿ ಎರಡು ಮಾತಿಲ್ಲ. ಆ ಪ್ರೀತಿಯ ಒಂದು ನಿಮಿಷದ ವಿಡಿಯೋ ಫೋನಿನಲ್ಲಿ ಬರುತ್ತದೆ, ಅದನ್ನು ನೋಡಿ ನಾವು ಅಂಗಡಿಗೆ ಹೋಗುತ್ತೇವೆ.

ನಾವು ಹೋಗಿದ್ದು 2020ರ ಡಿಸೆಂಬರ್‌ನಲ್ಲಿ. ಮಗಳು ಒಂಬತ್ತು ತಿಂಗಳಿಂದ ಸ್ಕೂಲಿಲ್ಲದೆ, ಗೆಳತಿಯರಿಲ್ಲದೆ ಲ್ಯಾಪ್‌ಟಾಪ್ ಮುಂದೆ ಕೂತು ಬಾಡಿಹೋಗಿದ್ದಳು. ಅಂಗಡಿಯವನು ಹೇಳಿದ್ದು ನನಗೆ ಬಾಯಿಪಾಠವಾಗಿದೆ: "ಬೆಕ್ಕಿನ ಥರಾನೇ ಸಾರ್. ಎರಡು ಹೊತ್ತು ಊಟ, ಒಂದು ಟ್ರೇ ಮಣ್ಣು. ಇಂಪೋರ್ಟೆಡ್ ಪೀಸ್." ಎಲ್ಲಿಂದ ಇಂಪೋರ್ಟು, ತಾಯಿ ಯಾವುದು, ಸಂತಾನಹರಣ ಆಗಿದೆಯೋ, ಆಗಿದ್ದರೆ ಯಾವ ವಯಸ್ಸಿನಲ್ಲಿ, ಯಾವ ಲಸಿಕೆ ಬಿದ್ದಿದೆ? ನಾನು ಒಂದನ್ನೂ ಕೇಳಲಿಲ್ಲ. ಫ್ರಿಜ್ ಕೊಳ್ಳುವಾಗ ಸರ್ವಿಸ್ ಸೆಂಟರ್ ಎಲ್ಲಿದೆ ಎಂದು ಕೇಳುವ ಮನುಷ್ಯ ನಾನು.

ಅವನು ಹೇಳದಿದ್ದುದರ ಪಟ್ಟಿ ದೊಡ್ಡದು. ಫೆರೆಟ್‌ಗೆ ಬೆವರಿ ಮೈ ತಣ್ಣಗೆ ಮಾಡಿಕೊಳ್ಳಲು ಬರುವುದಿಲ್ಲ. ಉಷ್ಣತೆ 30 ಡಿಗ್ರಿ ದಾಟಿತೆಂದರೆ ಅದರ ಪ್ರಾಣಕ್ಕೆ ಅಪಾಯ. ಹೈದರಾಬಾದಿನ ಮೇ ತಿಂಗಳು 40 ದಾಟುತ್ತದೆ ಎಂಬುದು ಅಂಗಡಿಯವನಿಗೆ ಗೊತ್ತಿರಲಿಲ್ಲವೆ? ಹೆಣ್ಣು ಫೆರೆಟ್ ಬೆದೆಗೆ ಬಂದು ಗಂಡಿನ ಜೊತೆ ಸೇರದಿದ್ದರೆ ಬೆದೆ ತಾನಾಗಿ ಇಳಿಯುವುದಿಲ್ಲ. ತಿಂಗಳುಗಟ್ಟಲೆ ಏರಿಯೇ ಇರುವ ಹಾರ್ಮೋನು ಮೂಳೆಯೊಳಗಿನ ಮಜ್ಜೆಯನ್ನು ಹಾಳುಗೆಡವಿ, ರಕ್ತ ಹುಟ್ಟದೆ ಅದು ಸಾಯಬಹುದು. ಹಾಗೆಂದು ಎಳೆಯ ಮರಿಯಲ್ಲೇ ಸಂತಾನಹರಣ ಮಾಡಿಸಿದರೆ ಮುಂದೆ ಅಡ್ರಿನಲ್ ಗ್ರಂಥಿಯ ರೋಗ ಬರುವ ಸಂಭವ ಹೆಚ್ಚು. ನಮ್ಮ ಬೀದಿನಾಯಿಗಳಲ್ಲಿ ಇರುವ ಡಿಸ್ಟೆಂಪರ್ ಫೆರೆಟ್‌ಗೆ ತಗುಲಿದರೆ ಉಳಿಯುವುದು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ. ನಾಯಿಗೆ ಹಾಕುವ ಲಸಿಕೆಯನ್ನೇ ಹಾಕೋಣ ಎಂದರೆ ಅವುಗಳಲ್ಲಿ ಕೆಲವು ಫೆರೆಟ್‌ಗೆ ರೋಗವನ್ನೇ ತರಬಲ್ಲವು. ನಮ್ಮ ನೆಗಡಿ-ಜ್ವರ ಕೂಡ ಅದಕ್ಕೆ ಅಂಟುತ್ತದೆ. 1933ರಲ್ಲಿ ಲಂಡನ್ನಿನ ಪ್ರಯೋಗಾಲಯದಲ್ಲಿ ಮನುಷ್ಯರ ಫ್ಲೂ ವೈರಸ್ಸನ್ನು ಮೊದಲು ಹಿಡಿದದ್ದೇ ಫೆರೆಟ್‌ಗಳಲ್ಲಿ. ಆಮೇಲೆ ಒಂದು ಫೆರೆಟ್ ಸೀನಿ ಅಲ್ಲಿನ ವಿಜ್ಞಾನಿಗೇ ಅದನ್ನು ವಾಪಸ್ ಕೊಟ್ಟಿತು. ಈ ಎಲ್ಲ ಸಂಗತಿ ನಾನು ತಿಳಿದದ್ದು ಕೊಂಡು ನಾಲ್ಕು ವರ್ಷದ ಮೇಲೆ, ರಾತ್ರಿ ಎರಡು ಗಂಟೆಗೆ, ಫೋನ್ ಬೆಳಕಿನಲ್ಲಿ.

ಆ ರಾತ್ರಿ ಬಿಸ್ಕಿಟ್‌ನ ಹಿಂಗಾಲು ಸೋತಿತ್ತು. ಒಂದೇ ಕಡೆ ದಿಟ್ಟಿಸುತ್ತ, ಜೊಲ್ಲು ಸುರಿಸುತ್ತ, ಮುಂಗಾಲಿನಿಂದ ಬಾಯಿಯನ್ನು ಕೆರೆದುಕೊಳ್ಳುತ್ತಿತ್ತು. ಬಾಯಲ್ಲಿ ಏನೋ ಸಿಕ್ಕಿಕೊಂಡಿದೆ ಎಂದುಕೊಂಡೆವು. ಅದರ ಹೆಸರು ಇನ್ಸುಲಿನೋಮ ಎಂದು ಗೊತ್ತಾಗಲು ಹನ್ನೊಂದು ದಿನ ಬೇಕಾಯಿತು. ಮೇದೋಜೀರಕ ಗ್ರಂಥಿಯಲ್ಲಿ ಸಣ್ಣ ಗಂಟುಗಳೆದ್ದು, ಬೇಕೋ ಬೇಡವೋ ಇನ್ಸುಲಿನ್ ಸುರಿಸುತ್ತಲೇ ಇರುವ ರೋಗ. ಅಪ್ಪನ ಕಾಯಿಲೆಯ ತಿರುಗುಮುರುಗು. ರಕ್ತದ ಸಕ್ಕರೆ ಇಳಿದು ಇಳಿದು ಕೊನೆಗೆ ಫಿಟ್ಸ್ ಬರುತ್ತದೆ. ಫೆರೆಟ್‌ಗಳಲ್ಲಿ ನಡುವಯಸ್ಸು ದಾಟಿದ ಮೇಲೆ ಇದು ಅಪರೂಪವೇನಲ್ಲ. ಆಪರೇಷನ್ ಮಾಡಿದರೂ ಗಂಟು ಮತ್ತೆ ಏಳುವುದೇ ಹೆಚ್ಚು. ಗುಣವಾಗುವುದಿಲ್ಲ, ಸಂಭಾಳಿಸಬೇಕು.

ಹನ್ನೊಂದು ದಿನ ಎಂದೆನಲ್ಲ, ಅದಕ್ಕೆ ವೈದ್ಯರನ್ನು ದೂರಬೇಡಿ. ಮೊದಲು ಕಂಡ ಪಶುವೈದ್ಯರು ಅದನ್ನು ಕೈಯಲ್ಲಿ ಎತ್ತಿ ನೋಡಿ, "ನಿಜ ಹೇಳ್ತೀನಿ, ಇದನ್ನ ನಾನು ಓದಿಲ್ಲ" ಎಂದರು. ಈ ಹದಿನಾಲ್ಕು ತಿಂಗಳಲ್ಲಿ ನಾನು ಕೇಳಿದ ಅತ್ಯಂತ ಪ್ರಾಮಾಣಿಕ ಮಾತು ಅದು. ಅವರು ಯಾಕೆ ಓದಬೇಕಿತ್ತು? 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲೇ ಅತಿ ಹೆಚ್ಚು ಕುರಿಗಳಿರುವ ರಾಜ್ಯ ತೆಲಂಗಾಣ, ಸುಮಾರು 1.9 ಕೋಟಿ. ರಾಜೇಂದ್ರನಗರದ ಪಶುವೈದ್ಯ ವಿಶ್ವವಿದ್ಯಾಲಯದಲ್ಲಿ ಓದಿ ಹೊರಬರುವ ಹುಡುಗ ಹುಡುಗಿಯರು ಕುರಿಯ ನೀಲಿ ನಾಲಿಗೆ ರೋಗವನ್ನೂ ಎಮ್ಮೆಯ ಕೆಚ್ಚಲುಬಾವನ್ನೂ ಕಲಿಯಬೇಕು, ಕಲಿಯುತ್ತಾರೆ. ಕುರುಬರ ಮನೆಯ ಅನ್ನ ಆ ಕಲಿಕೆಯ ಮೇಲೆ ನಿಂತಿದೆ. ಯಾವನೋ ವ್ಯಾಪಾರಿ ಹೊಸ ಪ್ರಾಣಿಯೊಂದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ಎಂದು, ಅದರ ರೋಗಗಳನ್ನು ಕಲಿಯುವ ಹೊರೆ ಸಾರ್ವಜನಿಕ ದುಡ್ಡಿನಲ್ಲಿ ಓದಿದ ಡಾಕ್ಟರ ಮೇಲೆ ಬೀಳಬೇಕೆ? "ನಮ್ಮಲ್ಲಿ ಎಕ್ಸಾಟಿಕ್ ಡಾಕ್ಟರ್‌ಗಳೇ ಇಲ್ಲ" ಎಂದು ಗೊಣಗುವ ಸಾಕುಪ್ರಾಣಿಪ್ರಿಯರ ಜೊತೆ ನನಗೆ ಮೊದಲ ಜಗಳ ಇರುವುದು ಇಲ್ಲಿ. ಮೊದಲು ಪ್ರಾಣಿ ತರಿಸಿಕೊಳ್ಳುವುದು, ಆಮೇಲೆ ಡಾಕ್ಟರ್ ಎಲ್ಲಿ ಎಂದು ಸರ್ಕಾರವನ್ನು ಬೈಯುವುದು! ಕೊನೆಗೆ ನಮಗೆ ದಾರಿ ತೋರಿಸಿದ್ದು ಊರಿನ ಇನ್ನೊಂದು ತುದಿಯ ಒಬ್ಬ ಯುವ ವೈದ್ಯೆ. ಆಕೆ ಕೂಡ ಪುಸ್ತಕ ತರಿಸಿಕೊಂಡು, ಹೊರದೇಶದ ಸಹಪಾಠಿಗೆ ಫೋನ್ ಮಾಡಿ ಕಲಿತದ್ದು. ಆಕೆಯ ಆ ಸಂಜೆಗಳಿಗೆ ಯಾರೂ ಫೀಸು ಕಟ್ಟಲಿಲ್ಲ.

ಈಗ ನಮ್ಮ ದಿನಚರಿ. ಬೆಳಿಗ್ಗೆ ಸಂಜೆ ಪ್ರೆಡ್ನಿಸೊಲೋನ್, ಮಕ್ಕಳ ಸಿರಪ್ಪು, ಸೂಜಿಯಿಲ್ಲದ ಸಿರಿಂಜಿನಲ್ಲಿ ಅರ್ಧ ಮಿಲಿ. ಮೆಡಿಕಲ್ ಶಾಪಿನ ಹುಡುಗ ಮೊದಲ ಸಲ "ಪಾಪಕಿ ಎನ್ನೇಳ್ಲು ಸಾರ್?" ಎಂದು ಕೇಳಿದ. ಮಗುವಿಗೆ ನಾಲ್ಕು ವರ್ಷ ಎಂದೆ, ಸುಳ್ಳೂ ಅಲ್ಲ. ಒಂದು ಸಲ ಅದೇ ಔಷಧಿಯ ಮೂರು ಪಟ್ಟು ಗಟ್ಟಿಯಾದ ಬಾಟಲಿ ನಮ್ಮ ಮನೆಗೆ ಬಂದಿತ್ತು. 5 ಮಿಲಿಗೆ 5 ಮಿಲಿಗ್ರಾಂ ಇರಬೇಕಾದಲ್ಲಿ 15. ಅಪ್ಪ ಕನ್ನಡಕ ಹಾಕಿಕೊಂಡು ಲೇಬಲ್ ಓದುವ ಅಭ್ಯಾಸದವರು, ಅವರು ಹಿಡಿದರು. 900 ಗ್ರಾಮಿನ ಮೈಗೆ ಅಂಥ ಎಡವಟ್ಟನ್ನು ತಡೆದುಕೊಳ್ಳುವ ಜಾಗ ಎಲ್ಲಿದೆ?

ಊಟ ಮೂರು ನಾಲ್ಕು ಗಂಟೆಗೊಮ್ಮೆ, ಮಾಂಸ ಮಾತ್ರ. ಇದು ಅಪ್ಪಟ ಮಾಂಸಾಹಾರಿ, ಅನ್ನ ರೊಟ್ಟಿ ಹಣ್ಣು ಏನೂ ಒಗ್ಗದು. ಈ ರೋಗದಲ್ಲಂತೂ ಸಿಹಿ ವಿಷ. ಸಿಹಿ ಕೊಟ್ಟ ಕೂಡಲೇ ಸಕ್ಕರೆ ಏರುತ್ತದೆ, ಅದನ್ನು ಕಂಡ ಗಂಟು ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ, ಮೊದಲಿಗಿಂತ ಕೆಳಕ್ಕೆ ಬೀಳುತ್ತದೆ. ಫಿಟ್ಸ್ ಬಂದಾಗ ವಸಡಿಗೆ ಬೆರಳ ತುದಿಯಷ್ಟು ಜೇನು ಸವರುವುದು ಸರಿ. ಎಚ್ಚರವಾದ ಮೇಲೆ ತಕ್ಷಣ ಮಾಂಸ ತಿನ್ನಿಸಬೇಕು. ಇದನ್ನು ನಮ್ಮಮ್ಮನಿಗೆ ತಿಳಿಸಿಹೇಳಲು ಎರಡು ತಿಂಗಳು ಹಿಡಿಯಿತು. ಸುಸ್ತಾದ ಜೀವಕ್ಕೆ ಬೆಲ್ಲದ ನೀರು ಕೊಡಬಾರದು ಎಂದರೆ ಯಾವ ಅಜ್ಜಿ ನಂಬುತ್ತಾಳೆ? ಕಲಬುರಗಿ ಕಡೆಯ ಲಿಂಗಾಯತರ ಮನೆ ನಮ್ಮದು. ಅಡಿಗೆಮನೆಯಲ್ಲಿ ಮೊಟ್ಟೆ ಕೂಡ ಒಡೆದವರಲ್ಲ. ಬಾಲ್ಕನಿಯಲ್ಲಿ ಒಂದು ಇಂಡಕ್ಷನ್ ಒಲೆ, ಒಂದು ಪಾತ್ರೆ, ಬೇರೆ ಚಮಚ. ಅಲ್ಲಿ ಕೋಳಿ ಬೇಯುತ್ತದೆ, ಮಿಕ್ಸಿಯಲ್ಲಿ ನುಣ್ಣಗಾಗುತ್ತದೆ, ಐಸ್ ಟ್ರೇಯಲ್ಲಿ ಗಟ್ಟಿಯಾಗುತ್ತದೆ.

ಬೆಳಗಿನ ಜಾವ ನಾಲ್ಕರ ಊಟ ಮಾತ್ರ ಅಪ್ಪನದು. ನಾನು ಅಲಾರಂ ಇಟ್ಟು ಏಳುತ್ತಿದ್ದೆ. ಒಂದು ದಿನ ಎದ್ದು ನೋಡಿದರೆ ಅವರು ಆಗಲೇ ಬಾಲ್ಕನಿ ಬಾಗಿಲಲ್ಲಿ ಕೂತು, ಜನ್ಮದಲ್ಲಿ ಮಾಂಸ ಮುಟ್ಟದ ಕೈಯಲ್ಲಿ ಚಮಚ ಹಿಡಿದು ತಿನ್ನಿಸುತ್ತಿದ್ದರು. "ನಾ ಹ್ಯಾಂಗೂ ಎದ್ದೇ ಇರ್ತೀನಿ. ನೀ ಮಕ್ಕೋ ಹೋಗು" ಎಂದರು. ಅದೇ ಕೊನೆ, ನಾಲ್ಕರ ಅಲಾರಂ ನಾನು ಇಟ್ಟಿಲ್ಲ.

ಈಗ "ಒಂದು ಇಲಿಗೆ ಇಷ್ಟು ಖರ್ಚಾ" ಎನ್ನುವವರ ಸರದಿ. ಅಪಾರ್ಟ್‌ಮೆಂಟಿನ ಒಬ್ಬ ಹಿರಿಯರು ಲಿಫ್ಟಿನಲ್ಲಿ ಹೇಳಿದರು: ಆ ದುಡ್ಡಲ್ಲಿ ಒಬ್ಬ ಬಡ ಹುಡುಗನನ್ನು ಓದಿಸಬಹುದಿತ್ತು. ಓದಿಸಬಹುದಿತ್ತು, ಖಂಡಿತ. ಆದರೆ ಈ ಲೆಕ್ಕ ಮಂಡಿಸುವವರು ತಮ್ಮ ಎರಡನೇ ಕಾರಿಗೆ, ಮಗನ ಮದುವೆಯ ಡ್ರೋನ್ ಕ್ಯಾಮೆರಾಗೆ ಇದನ್ನು ಮಂಡಿಸುವುದಿಲ್ಲ. ಬಡ ಹುಡುಗ ಅವರ ಬಾಯಲ್ಲಿ ಹುಟ್ಟುವುದು ಇನ್ನೊಬ್ಬರ ಮನೆಯ ರೋಗಿಷ್ಠ ಪ್ರಾಣಿಯನ್ನು ಕಂಡಾಗ ಮಾತ್ರ. ಇನ್ನು "ಅಪ್ಪನಿಗಿಂತ ಅದಕ್ಕೇ ಹೆಚ್ಚು ಸೇವೆ" ಎಂಬ ಮಾತು. ಅಪ್ಪನಿಗೆ ಬೇಕಾದದ್ದನ್ನು ಅಪ್ಪ ಬಾಯಿಬಿಟ್ಟು ಕೇಳುತ್ತಾರೆ, ಬೈಯುತ್ತಾರೆ, ಡಾಕ್ಟರ ಹತ್ತಿರ ನನ್ನ ಮೇಲೆ ಚಾಡಿ ಹೇಳುತ್ತಾರೆ. ಮಾರ್ಚ್ ಮಧ್ಯದಿಂದ ಮಳೆ ಬೀಳುವ ತನಕ ಹಗಲೂ ರಾತ್ರಿ ಓಡುವ ಏಸಿ ಬಿಸ್ಕಿಟ್‌ಗಾಗಿ ಹಾಕಿಸಿದ್ದು. ಅದು ಇರುವುದು ಅಪ್ಪನ ಕೋಣೆಯಲ್ಲಿ. ಕಲಬುರಗಿಯ ಎಪ್ಪತ್ತು ಬೇಸಿಗೆಗಳನ್ನು ಬೀಸಣಿಕೆಯಲ್ಲಿ ಕಳೆದ ಮನುಷ್ಯ ಈಗ ಏಪ್ರಿಲ್‌ನಲ್ಲಿ ಶಾಲು ಹೊದ್ದು ಮಲಗುತ್ತಾರೆ. ಕರೆಂಟು ಹೋದರೆ ಹೆಪ್ಪುಗಟ್ಟಿಸಿಟ್ಟ ನೀರಿನ ಬಾಟಲಿಗಳನ್ನು ಬಟ್ಟೆ ಸುತ್ತಿ ಇಬ್ಬರ ಪಕ್ಕದಲ್ಲೂ ಇಡುತ್ತೇವೆ.

ಸೇವೆ ಮಾಡುವವರನ್ನು ಛೇಡಿಸುವವರಿಗಿಂತ ನನಗೆ ಭಯ ಹುಟ್ಟಿಸುವುದು "ಪೆಟ್ ಪೇರೆಂಟ್" ಎಂಬ ಮಾತು. ಕೇಳಲು ಮುದ್ದಾಗಿದೆ. ಅದನ್ನು ಚಲಾವಣೆಗೆ ತಂದವರು ಆಹಾರ, ಬಟ್ಟೆ, ಬರ್ತ್‌ಡೇ ಕೇಕು ಮಾರುವವರು. ನಿಜವಾಗಿ ಮಗು ಎಂದುಕೊಂಡರೆ ಲೆಕ್ಕ ಬೇರೆಯಾಗುತ್ತದೆ. ಈ ಊರಿನಲ್ಲಿ ಮಗುವಿಗೆ ಕಾಯಿಲೆಯಾದರೆ, ಜೇಬಿನಲ್ಲಿ ಹತ್ತು ರೂಪಾಯಿ ಇಲ್ಲದವರಿಗೂ ನಿಲೋಫರ್ ಆಸ್ಪತ್ರೆಯ ಬಾಗಿಲಿದೆ. ಹುಟ್ಟಿದ ದಿನದಿಂದ ಲಸಿಕೆಯ ಕಾರ್ಡಿದೆ, ಅಂಗನವಾಡಿಯಿದೆ. ಮಗುವಿನ ಹಿಂದೆ ಒಂದು ಇಡೀ ಸಮಾಜ ನೂರು ವರ್ಷ ದುಡಿದು ಕಟ್ಟಿದ ವ್ಯವಸ್ಥೆ ನಿಂತಿದೆ. ಫೆರೆಟ್‌ನ ಹಿಂದೆ ಯಾರಿದ್ದಾರೆ? ಒಂದು ರಸೀದಿಯೂ ಇಲ್ಲ. ನಮಗೆ ಕೊಟ್ಟದ್ದು ಅಂಗಡಿಯ ವಿಸಿಟಿಂಗ್ ಕಾರ್ಡು, ಅದರ ಹಿಂದೆ ಪೆನ್ನಿನಲ್ಲಿ 22,000.

ಕಾನೂನು ಏನು ಹೇಳುತ್ತದೆ ಎಂದು ನೋಡಿದೆ. ನೋಡಿ ತಲೆ ಚಚ್ಚಿಕೊಂಡೆ. ಹಳೇ ಶಹರದ ಮುರ್ಗಿ ಚೌಕದಲ್ಲಿ ಕೊರಳಪಟ್ಟಿಯ ಗಿಳಿಯೊಂದನ್ನು ಕೊಂಡು ಪಂಜರದಲ್ಲಿಟ್ಟರೆ ಅದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ಕಾಡಿನ ಗಿಳಿ, ಮುಂಗುಸಿ, ನಕ್ಷತ್ರ ಆಮೆಗಳನ್ನು ಸಾಕುವಂತಿಲ್ಲ ಎನ್ನುತ್ತದೆ. ಸರಿಯಾಗಿಯೇ ಹೇಳುತ್ತದೆ. ಹೊರದೇಶದ ಪ್ರಾಣಿಗಳಿಗೆ 2022ರಲ್ಲಿ ಅದೇ ಕಾಯ್ದೆಗೆ ತಿದ್ದುಪಡಿ ತಂದರು. 2024ರ ಫೆಬ್ರವರಿಯಲ್ಲಿ ನಿಯಮಗಳೂ ಬಂದವು. ಅಂಥ ಪ್ರಾಣಿ ಇದ್ದವರು ಆರು ತಿಂಗಳೊಳಗೆ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು ಎಂದಾಯಿತು. ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಸಂಬಂಧಿಸಿದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳಿಗೆ ಇದು ಅನ್ವಯ. ಸಾಕು ಫೆರೆಟ್ ಆ ಪಟ್ಟಿಯಲ್ಲಿ ಇಲ್ಲ. ಇರಬೇಕಾಗಿಯೂ ಇಲ್ಲ, ಅದೇನು ಅಳಿಯುತ್ತಿಲ್ಲ. ಅಂದರೆ ಕಾನೂನು ಕೇಳುವ ಪ್ರಶ್ನೆ ಒಂದೇ: ಈ ಜಾತಿ ಅಪರೂಪವೆ? ಈ ಊರಿನ ಬಿಸಿಲಲ್ಲಿ, ಈ ಊರಿನ ಡಾಕ್ಟರುಗಳ ಕೈಯಲ್ಲಿ ಈ ಜೀವ ಬದುಕೀತೆ ಎಂದು ಅದು ಕೇಳುವುದೇ ಇಲ್ಲ.

ಹಾಗಾದರೆ ಸಾಕುಪ್ರಾಣಿ ಅಂಗಡಿಗಳ ನಿಯಮ? 2018ರಲ್ಲಿ ಬಂದವು. ಅಂಗಡಿ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಬೇಕು, ಲೆಕ್ಕದ ದಾಖಲೆ ಇಡಬೇಕು ಎನ್ನುತ್ತವೆ. ಸಾಕುಪ್ರಾಣಿ ಎಂದರೆ ಯಾವುದು ಎಂಬಲ್ಲಿ ನಾಯಿ, ಬೆಕ್ಕು, ಮೊಲ, ಗಿನಿಪಿಗ್, ಹ್ಯಾಮ್‌ಸ್ಟರ್ ಎಂದೆಲ್ಲ ಹೆಸರಿಸಿ, ಕೊನೆಗೆ ಬೇರೆ ಕಾನೂನು ನಿಷೇಧಿಸದ ಇತರ ಪ್ರಾಣಿಗಳು ಎಂದು ಸೇರಿಸಿದ್ದಾರೆ. ಬಿಸ್ಕಿಟ್ ಬದುಕಿರುವುದು ಆ "ಇತರ"ದೊಳಗೆ. ನಾಳೆ ಆ "ಇತರ"ದೊಳಗೆ ಇನ್ನೇನು ಬಂದು ಕೂರುತ್ತದೋ. ಇನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಸಾಕಷ್ಟು ಊಟ ನೀರು ಕೊಡದಿದ್ದರೆ, ಕಾರಣವಿಲ್ಲದೆ ಬೀದಿಗೆ ಬಿಟ್ಟರೆ, ಮೊದಲ ಸಲದ ತಪ್ಪಿಗೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ನಮ್ಮ ಗ್ಲುಕೋಮೀಟರಿನ ಎರಡು ಸ್ಟ್ರಿಪ್ಪಿನ ಬೆಲೆ.

ಐವತ್ತು ರೂಪಾಯಿಗೆ ಬಿಡುಗಡೆ ಸಿಗುವುದಾದರೆ ಜನ ಬಿಟ್ಟೇ ಬಿಡುತ್ತಾರೆ. ಕೆಂಪು ಕಿವಿಯ ಆಮೆಯನ್ನು ರೂಪಾಯಿ ನಾಣ್ಯದಷ್ಟಿದ್ದಾಗ ಕೊಂಡು, ಊಟದ ತಟ್ಟೆಯಷ್ಟಾದಾಗ ಕೆರೆಗೆ ಎಸೆದವರಿದ್ದಾರೆ. ಅಕ್ವೇರಿಯಮ್ಮಿನ ಪಾಚಿ ತಿನ್ನಲಿ ಎಂದು ತಂದ ದಕ್ಷಿಣ ಅಮೆರಿಕದ ಮೀನು ತೆಲುಗು ನಾಡಿನ ಕೆರೆಗಳಲ್ಲಿ ಬೆಳೆದು, ಬೆಸ್ತರ ಬಲೆ ಹರಿಯುತ್ತದೆ. ಅವರು ಅದಕ್ಕೆ ದೆವ್ವದ ಮೀನು ಎನ್ನುತ್ತಾರೆ. ನ್ಯೂಜಿಲೆಂಡಿನವರು 1880ರ ದಶಕದಲ್ಲಿ ಮೊಲದ ಕಾಟ ತಡೆಯಲು ಇದೇ ಫೆರೆಟ್‌ಗಳನ್ನು ತಂದು ಬಿಟ್ಟರು. ಅವು ಹಾರಲಾರದ ಅಲ್ಲಿನ ಹಕ್ಕಿಗಳನ್ನು ತಿಂದವು. 2002ರಲ್ಲಿ ಫೆರೆಟ್ ಮಾರಾಟವನ್ನೇ ಅಲ್ಲಿ ನಿಲ್ಲಿಸಿದರು. ಹೈದರಾಬಾದಿನಲ್ಲಿ ಆ ಭಯವಿಲ್ಲ, ಬೀದಿಗೆ ಬಿಟ್ಟ ಫೆರೆಟ್ ಇಲ್ಲಿ ಮೊದಲ ಬೇಸಿಗೆಯನ್ನೇ ದಾಟಲಾರದು. ಹಾಗಾಗಿ ಇದು ಸುದ್ದಿಯೂ ಆಗುವುದಿಲ್ಲ. ಮನೆಯೊಳಗೆ ಸಾಯುತ್ತದೆ, ಮಗುವಿಗೆ ಏನೋ ಒಂದು ಸುಳ್ಳು ಹೇಳುತ್ತಾರೆ, ಮುಂದಿನ ತಿಂಗಳು ಮೊಲ ತರುತ್ತಾರೆ.

ನಾನು ಕೇಳುತ್ತಿರುವುದು ನಿಷೇಧವನ್ನಲ್ಲ. ನಿಷೇಧಿಸಿದರೆ ವ್ಯಾಪಾರ ಕದ್ದುಮುಚ್ಚಿ ನಡೆಯುತ್ತದೆ, ಪ್ರಾಣಿಯ ಗತಿ ಇನ್ನೂ ಕೆಡುತ್ತದೆ ಎಂಬ ವಾದದಲ್ಲಿ ಹುರುಳಿದೆ. ಮುರ್ಗಿ ಚೌಕದ ಗಿಳಿಗಳೇ ಅದಕ್ಕೆ ಸಾಕ್ಷಿ. ನಾನು ಕೇಳುವುದು ಒಂದು ಹಾಳೆ ಕಾಗದ. ನಾಯಿ ಬೆಕ್ಕು ಬಿಟ್ಟು ಯಾವ ಪ್ರಾಣಿಯನ್ನು ಮಾರಿದರೂ, ಈ ಊರಿನಲ್ಲಿ ಇದನ್ನು ನೋಡಲು ಒಪ್ಪಿರುವ ಒಬ್ಬ ನೋಂದಾಯಿತ ಪಶುವೈದ್ಯರ ಹೆಸರು, ಅವರ ಸಹಿ. ಪ್ರಾಣಿ ಎಲ್ಲಿಂದ ಬಂತು, ಎಷ್ಟು ವಯಸ್ಸು, ಯಾವ ಲಸಿಕೆ, ಸಂತಾನಹರಣ ಯಾವಾಗ. ಸಾಕಲಾಗದಿದ್ದರೆ ವಾಪಸ್ ತೆಗೆದುಕೊಳ್ಳುವೆನೆಂಬ ಮಾತು. ಹಾಳೆ ಇಲ್ಲದಿದ್ದರೆ ಮಾರುವಂತಿಲ್ಲ. ಇಷ್ಟಕ್ಕೇ ಅಂಗಡಿಯವರು, "ಹಾಗಾದ್ರೆ ಫೆರೆಟ್ ಮಾರೋಕೇ ಆಗಲ್ಲ ಸಾರ್" ಎನ್ನುತ್ತಾರೆ. ನಾನು ಹೇಳಬೇಕೆಂದಿದ್ದನ್ನೇ ಅವರು ಹೇಳಿದಂತಾಯಿತು. ವೈದ್ಯರೊಬ್ಬರ ಸಹಿ ಸಂಪಾದಿಸಲಾಗದ ಸರಕನ್ನು ಇಷ್ಟು ದಿನ ಹೇಗೆ ಮಾರಿದಿರಿ?

ನನ್ನ ಮಾತನ್ನು ನನ್ನ ಮೇಲೇ ತಿರುಗಿಸುವವರೂ ಇದ್ದಾರೆ. ಸಾಕಲೇಬಾರದಿತ್ತು ಎನ್ನುವವನು ಇಷ್ಟು ಒದ್ದಾಡಿ ಯಾಕೆ ಬದುಕಿಸಿಕೊಂಡಿದ್ದೀ, ಒಂದು ಇಂಜೆಕ್ಷನ್ ಕೊಡಿಸಬಾರದೆ? ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ನಮ್ಮಲ್ಲಿ ಕೊನೆಯ ಇಂಜೆಕ್ಷನ್ನಿನ ಬಗ್ಗೆ ವಿಚಿತ್ರ ಇಬ್ಬಂದಿ ಇದೆ. ಎರಡು ತಿಂಗಳು ನರಳಿ ಸಾಯಲು ಬಿಟ್ಟರೆ ಅದು ಸಹಜ ಸಾವು, ಹತ್ತು ನಿಮಿಷದಲ್ಲಿ ನೋವು ಮುಗಿಸಿದರೆ ಪಾಪ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಉಳಿಯುವ ಭರವಸೆಯೇ ಇಲ್ಲದೆ ನರಳುತ್ತಿದ್ದ ಒಂದು ಕರುವಿಗೆ ಗಾಂಧೀಜಿ ಡಾಕ್ಟರಿಂದ ಇಂಜೆಕ್ಷನ್ ಕೊಡಿಸಿ ಸಾವು ತಂದರು. ಅಹಿಂಸೆಯ ಮನುಷ್ಯ ಕರು ಕೊಂದ ಎಂದು ಸಿಟ್ಟಿನ ಕಾಗದಗಳು ಬಂದವು. ಅವರು ಹಿಂಜರಿಯದೆ ಪತ್ರಿಕೆಯಲ್ಲೇ ಬರೆದು ಸಮರ್ಥಿಸಿಕೊಂಡರು. ಆ ಧೈರ್ಯ ನಮ್ಮ ಮನೆಯಲ್ಲೂ ಬೇಕಾಗುತ್ತದೆ, ಅದಕ್ಕೆ ಸಿದ್ಧತೆಯೂ ಆಗಿದೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಆ ಯುವ ವೈದ್ಯೆಯೇ ಬರೆಸಿದ ಮೂರು ಸಾಲುಗಳಿವೆ: ತಾನಾಗಿ ತಿನ್ನುವುದನ್ನು ನಿಲ್ಲಿಸಿದರೆ, ಔಷಧಿ ಏರಿಸಿದರೂ ಫಿಟ್ಸ್ ಮೇಲಿಂದ ಮೇಲೆ ಬರತೊಡಗಿದರೆ, ನಮ್ಮನ್ನು ಕಂಡಾಗ ಏಳದೇ ಹೋದರೆ. ಅದರ ಕೆಳಗೆ ಮಗಳ ಸಹಿಯಿದೆ, ನನ್ನ ಸಹಿಯಿದೆ. ಅಪ್ಪ ಸಹಿ ಮಾಡಲಿಲ್ಲ. "ಅದಕ್ಕ ಟೈಮ್ ಬಂದಾಗ ನನಗ ಗೊತ್ತಾಗ್ತದ" ಎಂದರು.

ಇವತ್ತಿನ ತನಕ ಆ ಮೂರರಲ್ಲಿ ಒಂದೂ ಆಗಿಲ್ಲ. ಬೆಳಿಗ್ಗೆ ನನ್ನ ಒಂದು ಸಾಕ್ಸ್ ಸಿಗಲಿಲ್ಲ. ದಿನದಲ್ಲಿ ಎರಡು ಗಂಟೆ ಕುಣಿಯುವ ಜೀವವನ್ನು, ನನಗೆ ನಿದ್ದೆ ಕಡಿಮೆಯಾಗುತ್ತದೆ ಎಂಬ ಕಾರಣಕ್ಕೆ ಕಳಿಸಲು ನನಗೆ ಹಕ್ಕಿಲ್ಲ. ತರಬಾರದಿತ್ತು ಎಂಬುದೂ ನಿಜ, ತಂದ ಮೇಲೆ ನೋಡಿಕೊಳ್ಳಲೇಬೇಕು ಎಂಬುದೂ ನಿಜ. ಒಂದನ್ನು ಹೇಳಿದ ಕೂಡಲೇ ಇನ್ನೊಂದು ಸುಳ್ಳಾಗುವುದಿಲ್ಲ.

ಹೋದ ತಿಂಗಳು ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಕುಕಟ್‌ಪಲ್ಲಿಯ ಕಡೆಯ ಒಬ್ಬ ತಂದೆ. ಮಗಳ ಹುಟ್ಟುಹಬ್ಬಕ್ಕೆ ಫೆರೆಟ್ ಕೊಳ್ಳಬೇಕೆಂದಿದ್ದಾರೆ, ಸ್ವಲ್ಪ ವಿಚಾರಿಸೋಣ ಎಂದು ಮಾಡಿದರಂತೆ. ನಾನು ಬೇಸಿಗೆಯ ಮಾತು ಹೇಳಿದೆ, ಏಸಿ ಇದೆ ಎಂದರು. ಡಿಸ್ಟೆಂಪರ್ ಎಂದೆ, ಫ್ಲಾಟು ಐದನೇ ಮಹಡಿ, ಬೀದಿನಾಯಿ ಬರಲ್ಲ ಎಂದರು. ಹೆಣ್ಣೋ ಗಂಡೋ ಎಂದೆ. ಅಂಗಡಿಯವರನ್ನು ಕೇಳಬೇಕು ಎಂದರು. ಕಾಯಿಲೆ ಬಂದರೆ ಯಾರಿಗೆ ತೋರಿಸುತ್ತೀರಿ, ಡಾಕ್ಟರ್ ಯಾರು ಎಂದು ಅಂಗಡಿಯವರನ್ನು ಕೇಳಿದಿರಾ ಎಂದೆ.

"ಕೇಳಿದೆ ಸಾರ್. ಬರೆದೂ ಕೊಟ್ಟಿದ್ದಾರೆ."

ನನಗೆ ಒಂದು ಕ್ಷಣ ಸಂತೋಷವೇ ಆಯಿತು. ಯಾರ ಹೆಸರು ಬರೆದಿದ್ದಾರೆ, ಓದಿ ಎಂದೆ. ಅತ್ತ ಕಡೆ ಕಾಗದ ಬಿಡಿಸುವ ಸದ್ದು ಕೇಳಿತು. ಅವರು ಓದಿದ್ದು ನನ್ನ ಹೆಸರು, ನನ್ನ ನಂಬರು, ಪಕ್ಕದಲ್ಲಿ "ಮಲ್ಕಾಜ್‌ಗಿರಿ ಸಾರ್, ಎಲ್ಲಾ ಗೊತ್ತು."